ಹತ್ತರ ಗುಣವೋ, ಸಂಖ್ಯೆಯ ಗುಣವೋ?

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು ಒಬ್ಬರು. ಅವರ ಕೈಯಲ್ಲಿ ಕಲಿತು, ಈಗ ಸಂಖ್ಯಾ ಸಿದ್ಧಾಂತದಲ್ಲಿ ಸಂಶೋಧನೆ ಮಾಡುತ್ತಿರುವ ಶಿಷ್ಯೆ ಒಬ್ಬಳು. ಮೇಷ್ಟ್ರು ಮಕ್ಕಳಿಗಾಗಿ ಬರೆಯುತ್ತಿರುವ ಪುಸ್ತಕದ ಮೊದಲ ಅಧ್ಯಾಯವನ್ನು ಅವಳಿಗೆ ಓದಲು ಕೊಟ್ಟಿದ್ದರು. ಅಧ್ಯಾಯವೆಲ್ಲ ಒಂದೇ ಸಂಖ್ಯೆಯ ಸುತ್ತ: 12345654321. ಅವಳು ಓದಿ ಮುಗಿಸಿ ಬಂದಿದ್ದಾಳೆ.

ಶಿಷ್ಯೆ: ಬರವಣಿಗೆ ತುಂಬಾ ಚೆನ್ನಾಗಿದೆ ಮೇಷ್ಟ್ರೇ. ಆದರೆ ಮೊದಲ ಅಧ್ಯಾಯಕ್ಕೆ ಈ ಸಂಖ್ಯೆ ಬೇಡ ಅನ್ನಿಸುತ್ತೆ.

ಮೇಷ್ಟ್ರು: ಯಾಕಮ್ಮ? ಒಂದರಿಂದ ಆರಕ್ಕೆ ಹತ್ತಿ, ಆರರಿಂದ ಒಂದಕ್ಕೆ ಇಳಿಯುತ್ತೆ. ಯಾವ ಕಡೆಯಿಂದ ಓದಿದರೂ ಅದೇ. ನಾನು ಕಟ್ಟಿದ್ದಲ್ಲ ಇದು. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರ ಸಂಗ್ರಹ’ದಲ್ಲಿ ಬರೆದಿಟ್ಟಿದ್ದು. 27994681 ಅನ್ನು 441ರಿಂದ ಗುಣಿಸು ಅಂತಾರೆ. ಗುಣಿಸಿದರೆ ಇದು ಬರುತ್ತೆ. 142857143 ಅನ್ನು 7ರಿಂದ ಗುಣಿಸು ಅಂತಾರೆ. ಬರೋದು 1000000001. ಇಂಥ ಗುಣಲಬ್ಧಗಳನ್ನು ಕೊರಳಿನ ಹಾರಕ್ಕೆ ಹೋಲಿಸಿದ್ದಾರೆ. ಗುಣಾಕಾರ ಕಲಿಯೋ ಮಗುವಿಗೆ ಉತ್ತರ ಸರಿ ಬಂತು ಅಂತ ಕಣ್ಣೇ ಹೇಳುವ ಹಾಗೆ ಲೆಕ್ಕ ಹೂಡಿದ್ದಾರೆ. ಇದಕ್ಕಿಂತ ಒಳ್ಳೆಯ ಆರಂಭ ಯಾವುದು?

ಶಿಷ್ಯೆ: ಪಾಠ ಹೇಳುವ ಜಾಣ್ಮೆ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಅಧ್ಯಾಯಕ್ಕೆ ಕೊಟ್ಟ ಹೆಸರು ‘ಒಂದು ಸಂಖ್ಯೆಯ ಗುಣಗಳು’. ಆ ಏರಿಳಿತ ಸಂಖ್ಯೆಯ ಗುಣ ಹೇಗಾಗುತ್ತೆ? ನಾವು ಹತ್ತರ ಪದ್ಧತಿಯಲ್ಲಿ ಬರೆಯುತ್ತೇವೆ, ಅದಕ್ಕೆ ಕಾಣುತ್ತೆ. ಅದೇ ಸಂಖ್ಯೆಯನ್ನು ಕಂಪ್ಯೂಟರಿನ ಎರಡರ ಪದ್ಧತಿಯಲ್ಲಿ ಬರೆಯಿರಿ. ಬರೀ ಸೊನ್ನೆ, ಒಂದು. ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಸಂಖ್ಯೆ ಮಾತ್ರ ಅದೇ.

ಮೇಷ್ಟ್ರು: ಎರಡರಲ್ಲಿ ಹೋಗುತ್ತೆ, ಒಪ್ಪಿದೆ. ಏಳರಲ್ಲಿ ನೋಡು. ಆರು ಒಂದುಗಳನ್ನು ಸಾಲಾಗಿ ಬರೆದು, ಅದನ್ನು ಅದರಿಂದಲೇ ಗುಣಿಸು. ಒಂದೊಂದು ಸಾಲು ಒಂದೊಂದು ಮನೆ ಎಡಕ್ಕೆ ಜರುಗುತ್ತೆ. ಕೂಡುವಾಗ ಮೊದಲ ಮನೆಯಲ್ಲಿ ಒಂದು, ಎರಡನೆಯದರಲ್ಲಿ ಎರಡು, ನಡುವೆ ಆರು, ಮತ್ತೆ ಇಳಿತ. ಯಾವ ಮನೆಯಲ್ಲೂ ಆರಕ್ಕಿಂತ ಹೆಚ್ಚು ಬರೋದಿಲ್ಲ. ಹಾಗಾಗಿ ಏಳರ ಪದ್ಧತಿಯಾದರೂ ಸರಿ, ಹನ್ನೆರಡರದ್ದಾದರೂ ಸರಿ, ದಶಕ ಹೋಗುವ ಪ್ರಶ್ನೆಯೇ ಇಲ್ಲ. ಏಳರಿಂದ ಮೇಲಿನ ಎಲ್ಲ ಪದ್ಧತಿಯಲ್ಲೂ ಹಾರ ಹೀಗೇ ಕಾಣುತ್ತೆ. ಹತ್ತು ಬೆರಳಿನ ಕೃಪೆ ಅಲ್ಲ ಇದು.

ಶಿಷ್ಯೆ: ನನ್ನ ಮಾತನ್ನೇ ನೀವು ಗಟ್ಟಿ ಮಾಡಿದಿರಿ. ಏಳರ ಪದ್ಧತಿಯಲ್ಲಿ ಆರು ಒಂದುಗಳು ಅಂದರೆ ನಮ್ಮ 19608. ಅದರ ವರ್ಗ 384473664. ಹಾರ ಅದೇ, ಸಂಖ್ಯೆ ಬೇರೆ. ಅಂದಮೇಲೆ ಆ ಹಾರ ಯಾವೊಂದು ಸಂಖ್ಯೆಯ ಸ್ವತ್ತೂ ಅಲ್ಲ. ಒಂದು, ಎಕ್ಸ್, ಎಕ್ಸ್ ವರ್ಗ ಹೀಗೆ ಐದನೇ ಘಾತದವರೆಗೆ ಕೂಡಿ ವರ್ಗ ಮಾಡಿದರೆ ಬರುವ ಬೀಜಗಣಿತದ ಸೂತ್ರ ಅದು. ನಮ್ಮ ಸಂಖ್ಯೆ ಆ ಸೂತ್ರಕ್ಕೆ ಸಿಕ್ಕ ಒಂದು ಉದಾಹರಣೆ, ಅಷ್ಟೇ.

ಮೇಷ್ಟ್ರು: ಹಾಗಾದರೆ ಈ ಸಂಖ್ಯೆಗೇ ಸೇರಿದ್ದು ಅಂತ ನೀನು ಯಾವುದನ್ನು ಒಪ್ಪುತ್ತೀಯ?

ಶಿಷ್ಯೆ: ಅದರ ಅಪವರ್ತನಗಳನ್ನು. 3, 7, 11, 13, 37, ಈ ಐದೂ ಸಂಖ್ಯೆಗಳ ವರ್ಗಗಳನ್ನು ಗುಣಿಸಿದರೆ ನಿಮ್ಮ ಹಾರ. ಹೇಗೆ ಬರೆದರೂ ಇದು ಬದಲಾಗೋದಿಲ್ಲ. ಅದಕ್ಕೆ 243 ಭಾಜಕಗಳು, ಇದೂ ಬದಲಾಗೋದಿಲ್ಲ. ಆ 243ನ್ನೂ ಕೂಡಿದರೆ 25375524993. ಸಂಖ್ಯೆಯ ಎರಡರಷ್ಟನ್ನೂ ದಾಟಿತು. ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ದೊಡ್ಡದು. ಸಮ ಸಂಖ್ಯೆಗಳಲ್ಲಿ ಇದು 12ರಲ್ಲೇ ಸಿಗುತ್ತೆ. ಬೆಸ ಸಂಖ್ಯೆಗಳಲ್ಲಿ ಮೊದಲ ಬಾರಿಗೆ ಸಿಗೋದು 945ರಲ್ಲಿ. ನಿಮ್ಮ ಅಧ್ಯಾಯದಲ್ಲಿ ಇದರ ಸುದ್ದಿಯೇ ಇಲ್ಲ.

ಮೇಷ್ಟ್ರು: ಅದನ್ನು ಸೇರಿಸ್ತೀನಿ, ಖಂಡಿತ. ಆದರೆ ಒಂದು ಕೇಳ್ತೀನಿ. ಆ ಐದು ಅಪವರ್ತನಗಳನ್ನು ಹೇಗೆ ಹಿಡಿದೆ?

ಶಿಷ್ಯೆ: 111111 ಅಂದರೆ 111 ಗುಣಿಸು 1001. ಮೊದಲನೆಯದು 3 ಗುಣಿಸು 37. ಎರಡನೆಯದು 7, 11, 13.

ಮೇಷ್ಟ್ರು: ಅಂಕಿಗಳ ಸಾಲನ್ನು ನೋಡಿ ತಾನೇ? ಹಾರ ಕಾಣದಿದ್ದರೆ ವರ್ಗಮೂಲ ಹೊಳೀತಿರಲಿಲ್ಲ, ಆರು ಒಂದುಗಳು ಕಾಣದಿದ್ದರೆ 1001 ಹೊಳೀತಿರಲಿಲ್ಲ. ನೀನು ಯಾವುದನ್ನು ಬರೀ ಹೊರಗಿನ ಉಡುಪು ಅಂತೀಯೋ ಅದೇ ನಿನ್ನನ್ನು ಒಳಗೆ ಕರೆದುಕೊಂಡು ಹೋಯಿತು.

ಶಿಷ್ಯೆ: ಈ ಸಂಖ್ಯೆಯಲ್ಲಿ ಹಾಗಾಯಿತು, ನಿಜ. ಎಲ್ಲ ಸಂಖ್ಯೆಗೂ ಆ ಭಾಗ್ಯ ಇಲ್ಲ. ನಾನು ನಿಮ್ಮ ಮೊದಲ ಅಧ್ಯಾಯಕ್ಕೆ ಬೇರೊಂದು ಸಂಖ್ಯೆ ತಂದಿದ್ದೀನಿ. 198585576189. ಹತ್ತೊಂಬತ್ತು ಸಾವಿರದ ಎಂಟುನೂರ ಐವತ್ತೆಂಟು ಕೋಟಿಗೂ ಮಿಕ್ಕಿದ್ದು. ನೋಡೋಕೆ ಏನೂ ಇಲ್ಲ. ಏರಿಳಿತ ಇಲ್ಲ, ಹಿಂದುಮುಂದು ಒಂದೇ ಅಲ್ಲ. ಆದರೆ 1638ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್ ತನ್ನ ಸ್ನೇಹಿತ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಇದನ್ನು ಹುಟ್ಟುಹಾಕಿದ. ಇವತ್ತಿಗೂ ಗಣಿತಜ್ಞರು ಇದರ ಹಿಂದೆ ಓಡಾಡ್ತಿದ್ದಾರೆ.

ಮೇಷ್ಟ್ರು: ಏನಿದೆ ಅಂಥದ್ದು?

ಶಿಷ್ಯೆ: ಪರಿಪೂರ್ಣ ಸಂಖ್ಯೆ ನಿಮಗೆ ಗೊತ್ತೇ ಇದೆ. ತನ್ನನ್ನು ಬಿಟ್ಟು 6ರ ಭಾಜಕಗಳು 1, 2, 3. ಕೂಡಿದರೆ 6. ಹಾಗೇ 28. ತನ್ನನ್ನೂ ಸೇರಿಸಿಕೊಂಡರೆ ಭಾಜಕಗಳ ಮೊತ್ತ ಸರಿಯಾಗಿ ಎರಡರಷ್ಟು. 2024ರ ಹೊತ್ತಿಗೆ ಇಂಥವು 52 ಸಿಕ್ಕಿದ್ದವು, ಎಲ್ಲವೂ ಸಮ ಸಂಖ್ಯೆಗಳೇ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ? ಇದೆ ಅಂತ ತೋರಿಸಿದವರಿಲ್ಲ, ಇಲ್ಲ ಅಂತ ಸಾಧಿಸಿದವರೂ ಇಲ್ಲ. ಇದ್ದರೆ ಅದು ಒಂದರ ಮುಂದೆ 1500 ಸೊನ್ನೆ ಹಾಕಿದ ಸಂಖ್ಯೆಗಿಂತ ದೊಡ್ಡದು ಅಂತ 2012ರಲ್ಲಿ ಓಶೆಮ್ ಮತ್ತು ರಾವ್ ತೋರಿಸಿದರು. ದೆಕಾರ್ತ್ ಏನು ಮಾಡಿದ ನೋಡಿ. 3, 7, 11, 13 ಇವುಗಳ ವರ್ಗಗಳನ್ನು ಗುಣಿಸಿದ. 9018009 ಬಂತು.

ಮೇಷ್ಟ್ರು: 3003ರ ವರ್ಗ!

ಶಿಷ್ಯೆ: ಹೌದು. ಇನ್ನು ಭಾಜಕಗಳ ಮೊತ್ತ. 3ರ ವರ್ಗಕ್ಕೆ 1, 3, 9 ಕೂಡಿ 13. 7ರ ವರ್ಗಕ್ಕೆ 57, 11ರದ್ದಕ್ಕೆ 133, 13ರದ್ದಕ್ಕೆ 183. ನಾಲ್ಕನ್ನೂ ಗುಣಿಸಿದರೆ 18035199. ಬೇಕಾಗಿದ್ದ ಎರಡರಷ್ಟು ಎಷ್ಟು? 18036018. ಕಡಿಮೆ ಬಿದ್ದದ್ದು ಬರೀ 819.

ಮೇಷ್ಟ್ರು: ತೊಂಬತ್ತು ಲಕ್ಷದ ಸಂಖ್ಯೆಗೆ ಎಂಟುನೂರ ಚಿಲ್ಲರೆ ಕೊರತೆ. ಭಲೇ.

ಶಿಷ್ಯೆ: ಆ ಕೊರತೆ ತುಂಬೋಕೆ ಇನ್ನೊಂದು ಅವಿಭಾಜ್ಯ ಸಂಖ್ಯೆ ಬೇಕು. ಎಷ್ಟಿರಬೇಕು ಅಂತ ಲೆಕ್ಕ ಹಾಕೋಕೆ 18035199 ಅನ್ನು 819ರಿಂದ ಭಾಗಿಸಬೇಕು. ಶೇಷವಿಲ್ಲದೆ 22021 ಬರುತ್ತೆ. ಅದನ್ನು 9018009ಕ್ಕೆ ಗುಣಿಸಿದರೆ ನನ್ನ ಸಂಖ್ಯೆ. 22021 ಅವಿಭಾಜ್ಯವಾಗಿದ್ದರೆ ಇದು ಬೆಸ ಪರಿಪೂರ್ಣ ಸಂಖ್ಯೆ ಆಗುತ್ತಿತ್ತು ಅಂತ ದೆಕಾರ್ತ್ ಬರೆದ.

ಮೇಷ್ಟ್ರು: ಆಗುತ್ತಿತ್ತು ಅಂದೆ. ಅಂದರೆ ಅವಿಭಾಜ್ಯ ಅಲ್ಲ.

ಶಿಷ್ಯೆ: ಅಲ್ಲ. 19, ಮತ್ತೆ 19, 61. ಮೂರನ್ನೂ ಗುಣಿಸಿದರೆ 22021.

ಮೇಷ್ಟ್ರು: ಈಗ ನನ್ನ ಸರದಿ ಕಣಮ್ಮ. ನನ್ನ ಹಾರ ಹತ್ತನ್ನು ನೆಚ್ಚಿಕೊಂಡಿದೆ ಅಂದೆ. ನಿನ್ನ ಸಂಖ್ಯೆ ಏನನ್ನು ನೆಚ್ಚಿಕೊಂಡಿದೆ? ಸುಳ್ಳನ್ನು. 22021 ಅವಿಭಾಜ್ಯ ಅಂತ ನಟಿಸಿದರೆ ಮಾತ್ರ ಅದಕ್ಕೆ ಆ ಗುಣ. ನಿಜವಾದ ಭಾಜಕಗಳನ್ನು ಕೂಡಿದರೆ ಏನು ಬರುತ್ತೆ?

ಶಿಷ್ಯೆ: 426027470778. ಎರಡರಷ್ಟಕ್ಕಿಂತ 28856318400 ಹೆಚ್ಚು.

ಮೇಷ್ಟ್ರು: ಅಂದರೆ ಎರಡು ಸಾವಿರದ ಎಂಟುನೂರ ಎಂಬತ್ತೈದು ಕೋಟಿ ಮೀರಿ ಹೋಯಿತು. ಸಂಖ್ಯೆಗೇ ಸೇರಿದ್ದು ಮಾತ್ರ ಗುಣ ಅನ್ನೋ ನಿನ್ನ ನಿಯಮಕ್ಕೆ ಇದು ನಿಲ್ಲುತ್ತಾ? ನನ್ನ ಹಾರದ ಲೆಕ್ಕದಲ್ಲಿ ಒಂದು ಕಡೆಯೂ ಸುಳ್ಳಿಲ್ಲ.

ಶಿಷ್ಯೆ: ಸರಿಯಾದ ಪ್ರಶ್ನೆ. ಪರಿಪೂರ್ಣತೆ ಈ ಸಂಖ್ಯೆಯ ಗುಣ ಅಲ್ಲ, ಒಪ್ಪುತ್ತೀನಿ. ಆದರೆ ಆ ಸುಳ್ಳು ಎಲ್ಲಿಂದಲೋ ತಂದು ಅಂಟಿಸಿದ್ದಲ್ಲ. ಮತ್ತೆ ಆ ನಾಲ್ಕು ಮೊತ್ತಗಳನ್ನೇ ಬಿಡಿಸಿ. 13 ಅನ್ನೋದು 13. 57 ಅಂದರೆ 3 ಗುಣಿಸು 19. 133 ಅಂದರೆ 7 ಗುಣಿಸು 19. 183 ಅಂದರೆ 3 ಗುಣಿಸು 61. ಇವುಗಳಲ್ಲಿ 3, 3, 7, 13 ಹಳೆಯ ಅವಿಭಾಜ್ಯಗಳೇ, ಗುಣಿಸಿದರೆ 819. ಹೊಸದಾಗಿ ಬಂದದ್ದು 19, 19, 61. ಗುಣಿಸಿದರೆ 22021. ಅಂದರೆ ದೆಕಾರ್ತ್ ಅವಿಭಾಜ್ಯ ಅಂತ ಊಹಿಸಿಕೊಂಡ ಸಂಖ್ಯೆ ಇದೇ ಮೊತ್ತಗಳು ಉಳಿಸಿಕೊಟ್ಟ ಭಾಗ. ಅದಕ್ಕೆ ಒಂದು ಕೂಡಿಸಿ, 22022. ಎರಡು, ಏಳು, ಹನ್ನೊಂದು, ಹನ್ನೊಂದು, ಹದಿಮೂರು. ಇದನ್ನು 819ಕ್ಕೆ ಗುಣಿಸಿದರೆ 9018009ರ ಎರಡರಷ್ಟು, ಒಂದಂಶವೂ ಹೆಚ್ಚುಕಡಿಮೆ ಇಲ್ಲದೆ. ಈ ಹೊಂದಿಕೆಯಲ್ಲಿ ಸುಳ್ಳಿಲ್ಲ. ಇದು ಸಂಖ್ಯೆಯದೇ.

ಮೇಷ್ಟ್ರು: ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಆದರೆ ಇದರಿಂದ ಯಾರಿಗೆ ಏನು ಉಪಯೋಗ ಆಯಿತು? ಹತ್ತಿರ ಬಂದು ತಪ್ಪಿಹೋದ ಕಥೆ ತಾನೇ?

ಶಿಷ್ಯೆ: ಉಪಯೋಗ ಇಲ್ಲಿದೆ. ಬೆಸ ಪರಿಪೂರ್ಣ ಸಂಖ್ಯೆ ಇಲ್ಲವೇ ಇಲ್ಲ ಅಂತ ಯಾರಾದರೂ ಸಾಧನೆ ಬರೆದರು ಅಂದುಕೊಳ್ಳಿ. ಆ ಸಾಧನೆ ಬರೀ ಭಾಜಕಗಳ ಸಮೀಕರಣವನ್ನು ನೆಚ್ಚಿದ್ದರೆ ದೆಕಾರ್ತನ ಸಂಖ್ಯೆ ಅದನ್ನು ಮುರಿಯುತ್ತೆ. ಯಾಕಂದರೆ 22021 ಅವಿಭಾಜ್ಯ ಅಂತ ಇಟ್ಟುಕೊಂಡರೆ ಆ ಸಮೀಕರಣವನ್ನು ಇದು ಪೂರ್ತಿ ಪಾಲಿಸುತ್ತೆ. ಬೆಸ ಪರಿಪೂರ್ಣ ಸಂಖ್ಯೆ ಇದ್ದರೆ ಅದರಲ್ಲಿ ಒಂದು ವರ್ಗ ಇರಬೇಕು, ಜೊತೆಗೆ ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಒಂದು ಅವಿಭಾಜ್ಯದ ಘಾತ ಇರಬೇಕು ಅಂತ ಆಯ್ಲರ್ ಹದಿನೆಂಟನೇ ಶತಮಾನದಲ್ಲಿ ತೋರಿಸಿದ. 22021 ಅನ್ನು ನಾಲ್ಕರಿಂದ ಭಾಗಿಸಿ, ಒಂದು ಉಳಿಯುತ್ತೆ. ಆ ರೂಪವನ್ನೂ ಇದು ಪಾಲಿಸುತ್ತೆ! ಆದ್ದರಿಂದ 22021 ನಿಜಕ್ಕೂ ಅವಿಭಾಜ್ಯ ಅಲ್ಲ ಅನ್ನೋದನ್ನು ಸಾಧನೆ ಎಲ್ಲೋ ಒಂದು ಕಡೆ ಹಿಡಿಯಲೇಬೇಕು. ಸಾಧನೆಯ ಕಷ್ಟ ಎಲ್ಲಿದೆ ಅಂತ ಈ ಒಂದು ಸಂಖ್ಯೆ ತೋರಿಸಿಕೊಟ್ಟಿತು. 1999ರಲ್ಲಿ ಜಾನ್ ವಾಯ್ಟ್ ಋಣಸಂಖ್ಯೆಯನ್ನೂ ಬಿಟ್ಟುಕೊಂಡು, ಮೈನಸ್ 127 ಇರುವ ಇಂಥದ್ದೇ ಇನ್ನೊಂದನ್ನು ಕಂಡುಕೊಂಡರು. 2020ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಗುಂಪು ಆರು ಅಪವರ್ತನಗಳ ಮಿತಿಯೊಳಗಿನ ಇಂಥ ಮೂಲ ಮಾದರಿಗಳನ್ನು ಪೂರ್ತಿ ಹುಡುಕಿತು. ಸಿಕ್ಕಿದ್ದು ಒಟ್ಟು 21.

ಮೇಷ್ಟ್ರು: ಹಾಗಾದರೆ ಒಂದು ಸಂಖ್ಯೆ ಏನಲ್ಲವೋ ಅದೂ ಅದರ ಬಗ್ಗೆ ಹೇಳಬೇಕಾದ ಸಂಗತಿ ಆಗಬಹುದು ಅಂತಾಯಿತು. ನನ್ನ ಹಾರಕ್ಕೂ ಅಷ್ಟು ಔದಾರ್ಯ ತೋರಿಸು. ಇನ್ನೊಂದು ನೋಡು. ನಿನ್ನ 9018009 ಅನ್ನು 37ರ ವರ್ಗದಿಂದ ಗುಣಿಸಿದರೆ ಏನು?

ಶಿಷ್ಯೆ: 3003 ಗುಣಿಸು 37 ಅಂದರೆ 111111. ಹಾಗಾದರೆ ಬರೋದು ನಿಮ್ಮ ಹಾರವೇ!

ಮೇಷ್ಟ್ರು: ಮಹಾವೀರಾಚಾರ್ಯರದ್ದೂ ದೆಕಾರ್ತನದ್ದೂ ಒಂದೇ ಬುಡದ ಮೇಲೆ ನಿಂತಿವೆ. ಅದೇ ನಾಲ್ಕು ವರ್ಗಗಳು. ಒಂದಕ್ಕೆ 22021 ಸೇರಿತು, ಇನ್ನೊಂದಕ್ಕೆ 37ರ ವರ್ಗ.

ಶಿಷ್ಯೆ: ಸೊಗಸಾಗಿದೆ. ಆದರೆ ಕಾಕತಾಳೀಯ ಮೇಷ್ಟ್ರೇ. ನಿಮ್ಮಲ್ಲಿ 7, 11, 13 ಬಂದದ್ದು ಹತ್ತರ ಘನಕ್ಕೆ ಒಂದು ಕೂಡಿದರೆ 1001 ಆಗುತ್ತೆ ಅನ್ನೋದಕ್ಕೆ. ದೆಕಾರ್ತನಲ್ಲಿ ಬಂದದ್ದು ಒಂದರ ವರ್ಗದ ಮೊತ್ತ ಇನ್ನೊಂದಕ್ಕೆ ಹೊಂದುತ್ತೆ ಅನ್ನೋದಕ್ಕೆ. ಎರಡು ದಾರಿ ಒಂದೇ ಊರಿಗೆ ಬಂದಿವೆ, ಅಷ್ಟೇ.

ಮೇಷ್ಟ್ರು: ಇರಬಹುದು. ಆದರೂ ನಿನ್ನ 22022 ಅನ್ನು ನೋಡಿದ ಕೂಡಲೇ ನನಗೆ 22 ಗುಣಿಸು 1001 ಕಾಣುತ್ತೆ. 9018009 ನೋಡಿದ ಕೂಡಲೇ 3003ರ ವರ್ಗ ಕಾಣುತ್ತೆ. ನಿನ್ನ ಮುಖ್ಯ ಹೊಂದಾಣಿಕೆಯನ್ನು ನಾನು ಕಾಗದ ಇಲ್ಲದೆ ಹಿಡಿಯೋದು ಹತ್ತರ ಪದ್ಧತಿಯಿಂದ. ಅದೂ ಅಲ್ಲದೆ, ಹತ್ತು ಅನ್ನೋದು ಬರೆಯುವ ರೂಢಿ ಮಾತ್ರವೇ? ಅದೂ ಒಂದು ಸಂಖ್ಯೆ ತಾನೇ? ಹತ್ತರ ಘನಕ್ಕೆ ಒಂದು ಕೂಡಿದರೆ ಏಳರಿಂದ ಭಾಗವಾಗುತ್ತೆ ಅನ್ನೋದು ಎರಡರ ಪದ್ಧತಿಯಲ್ಲಿ ಬರೆದರೂ ನಿಜ, ಬರೆಯದೇ ಇದ್ದರೂ ನಿಜ. ನನ್ನ ಹಾರ ಹೇಳೋದು 12345654321ಕ್ಕೂ ಹತ್ತಕ್ಕೂ ಇರುವ ಸಂಬಂಧವನ್ನು. ಸಂಬಂಧ ಗುಣ ಅಲ್ಲವೇ?

ಶಿಷ್ಯೆ: ಅದು ನನಗೆ ಹೊಳೆದಿರಲಿಲ್ಲ. ಸಂಬಂಧ ನಿಜವೇ, ಸುಳ್ಳು ಅನ್ನೋಕಾಗೋದಿಲ್ಲ. ಆದರೆ ಒಂದು ಸಂಖ್ಯೆಗೆ ಎಣಿಸಲಾಗದಷ್ಟು ಸಂಖ್ಯೆಗಳ ಜೊತೆ ಸಂಬಂಧ ಇರುತ್ತೆ. ಅದರಲ್ಲಿ ಹತ್ತರ ಜೊತೆಗಿನದ್ದನ್ನೇ ಎತ್ತಿ ಆಡುವುದಕ್ಕೆ ಸಂಖ್ಯೆಯ ಕಡೆಯಿಂದ ಕಾರಣ ಇಲ್ಲ, ನಮ್ಮ ಕಡೆಯಿಂದ ಇದೆ. ಹಾರ್ಡಿ 1940ರಲ್ಲಿ ಇದನ್ನೇ ಹೇಳಿದ್ದು. 8712 ಮತ್ತು 9801, ನಾಲ್ಕಂಕಿಯಲ್ಲಿ ಇವೆರಡು ಮಾತ್ರ ತಮ್ಮನ್ನು ತಿರುಗಿಸಿ ಬರೆದ ಸಂಖ್ಯೆಯ ಅಪವರ್ತ್ಯಗಳು. ಒಂದು ನಾಲ್ಕರಷ್ಟು, ಇನ್ನೊಂದು ಒಂಬತ್ತರಷ್ಟು. ವಿಚಿತ್ರ ಸಂಗತಿ, ಆದರೆ ಇದರಿಂದ ಮುಂದಕ್ಕೆ ಯಾವ ದಾರಿಯೂ ತೆರೆಯೋದಿಲ್ಲ ಅನ್ನೋದು ಅವರ ನಿಲುವು. ರಾಮಾನುಜನ್‌ರನ್ನು ಗುರುತಿಸಿದ ಹಾರ್ಡಿ ಸಂಖ್ಯೆಗಳ ಪ್ರೀತಿ ಇಲ್ಲದವರಲ್ಲ.

ಮೇಷ್ಟ್ರು: ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ ಅವರೂ ಸಂಖ್ಯೆಗಳ ಪ್ರೀತಿಯಲ್ಲೇ ಬದುಕಿದವರು. 6174 ತಗೋ. ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದರೆ 7641, ಏರಿಕೆ ಕ್ರಮದಲ್ಲಿ 1467. ಕಳೆದರೆ ಮತ್ತೆ 6174. ನಾಲ್ಕೂ ಅಂಕಿ ಒಂದೇ ಆಗಿರದ ಯಾವ ನಾಲ್ಕಂಕಿಯಿಂದ ಶುರು ಮಾಡಿದರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ನಿಲ್ಲುತ್ತೆ. ಬಹಳ ಕಾಲ ಅವರನ್ನು ವಿದ್ವಾಂಸರು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಗಣಿತದ ಅಂಕಣದಲ್ಲಿ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. ದಾರಿ ತೆರೆಯುತ್ತೋ ಇಲ್ಲವೋ ಅಂತ ಮೊದಲೇ ಯಾರು ಹೇಳೋಕೆ ಸಾಧ್ಯ? 1ನ್ನು 7ರಿಂದ ಭಾಗಿಸು. 142857 ಅನ್ನೋ ಆರು ಅಂಕಿ ಸುತ್ತುತ್ತಾ ಇರುತ್ತೆ. 17ರಿಂದ ಭಾಗಿಸಿದರೆ ಹದಿನಾರು ಅಂಕಿ. 13ರಿಂದ ಭಾಗಿಸಿದರೆ ಹನ್ನೆರಡು ಬರಬೇಕಿತ್ತು, ಆರೇ ಬರುತ್ತೆ. ಯಾವ ಅವಿಭಾಜ್ಯಗಳಿಗೆ ಪೂರ್ತಿ ಸುತ್ತು ಬರುತ್ತೆ? ಅಂಥವು ಎಂದೂ ಮುಗಿಯದಷ್ಟು ಇವೆಯೇ? ಇದು ಶುದ್ಧ ಹತ್ತರ ಪ್ರಶ್ನೆ. ಉತ್ತರ ಸಿಕ್ಕಿದೆಯೇ?

ಶಿಷ್ಯೆ: ಇಲ್ಲ. ಗಾಸ್ 1801ರ ತನ್ನ ಗ್ರಂಥದಲ್ಲೇ ದಶಮಾಂಶದ ಸುತ್ತುಗಳನ್ನು ಎತ್ತಿಕೊಂಡಿದ್ದ. 1927ರಲ್ಲಿ ಎಮಿಲ್ ಆರ್ಟಿನ್ ಅಂಥವು ಮುಗಿಯದಷ್ಟು ಇವೆ ಅನ್ನೋ ಊಹೆಯನ್ನು ಸ್ಪಷ್ಟವಾಗಿ ಮುಂದಿಟ್ಟರು. 1967ರಲ್ಲಿ ಹೂಲಿ, ಇನ್ನೂ ಸಾಧನೆ ಸಿಗದ ರೀಮನ್ ಊಹೆಯ ವಿಸ್ತೃತ ರೂಪ ನಿಜ ಅಂತ ಇಟ್ಟುಕೊಂಡು, ಅದನ್ನು ಸಾಧಿಸಿದರು. ಆ ಆಸರೆ ಇಲ್ಲದೆ ಇವತ್ತಿಗೂ ಹತ್ತಕ್ಕೆ ಉತ್ತರ ಇಲ್ಲ.

ಮೇಷ್ಟ್ರು: ನೋಡು, ನೀನು ಉಡುಪು ಅಂತ ಪಕ್ಕಕ್ಕಿಟ್ಟದ್ದರ ಮಡಿಕೆಯಲ್ಲಿ ಎಂಥ ಪ್ರಶ್ನೆ ಇತ್ತು.

ಶಿಷ್ಯೆ: ಇತ್ತು. ಆದರೆ ಆರ್ಟಿನ್ ಮಾಡಿದ್ದೇನು? ಹತ್ತರ ಜಾಗದಲ್ಲಿ ಎರಡು, ಮೂರು, ಐದು ಹೀಗೆ ಬೇರೆ ಸಂಖ್ಯೆಗಳನ್ನೂ ಇಟ್ಟು ನೋಡಿದರು. ಹತ್ತನ್ನು ಬಿಟ್ಟುಕೊಟ್ಟ ಮೇಲೇ ಪ್ರಶ್ನೆಯ ಆಳ ಕಂಡದ್ದು.

ಮೇಷ್ಟ್ರು: ಬಿಟ್ಟುಕೊಡೋಕೆ ಮೊದಲು ಕೈಯಲ್ಲಿ ಒಂದು ಇರಬೇಕಲ್ಲಮ್ಮ. ಮಕ್ಕಳ ಕೈಯಲ್ಲಿ ಇರೋದು ಹತ್ತು.

ಶಿಷ್ಯೆ: ನನ್ನ ಭಯ ಬೇರೆ. ಮಗು ಹಾರದ ಹತ್ತಿರವೇ ನಿಂತುಬಿಟ್ಟರೆ? ಚೆಂದದ ಸಂಖ್ಯೆ ಅದೃಷ್ಟದ ಸಂಖ್ಯೆ ಅಂತಾಗೋಕೆ ಹೆಚ್ಚು ದೂರ ಇಲ್ಲ. ವಾಹನದ ನಂಬರಿಗೆ, ಮೊಬೈಲ್ ನಂಬರಿಗೆ ಜನ ದುಡ್ಡು ಸುರಿಯೋದು ಅಂಕಿಗಳ ತೋರಿಕೆಗೇ. ಕಣ್ಣಿಗೆ ಕಂಡದ್ದು ಯಾಕೆ ಹಾಗಿದೆ ಅಂತ ಕೇಳೋದನ್ನು ಕಲಿಸದಿದ್ದರೆ ಗಣಿತ ಕಲಿಸಿದ ಹಾಗೆ ಆಗೋದಿಲ್ಲ.

ಮೇಷ್ಟ್ರು: ಆ ಭಯ ನನಗೂ ಇದೆ. ನನಗೆ ಇನ್ನೊಂದು ಭಯವೂ ಇದೆ. ಹದಿಮೂರು ವರ್ಷದ ಮಗುವಿನ ಮುಂದೆ ನಿನ್ನ 198585576189 ಇಟ್ಟರೆ ಅದು ಪುಟ ಮುಚ್ಚಿಬಿಡುತ್ತೆ. ಕೂಡೋಕೆ, ಭಾಗಿಸೋಕೆ ಮೊದಲು ಆ ಸಂಖ್ಯೆಯ ಹತ್ತಿರ ಕೂರಬೇಕು ಅನ್ನಿಸಬೇಕು. ಮಹಾವೀರಾಚಾರ್ಯರು ಹಾರ ಕಟ್ಟಿದ್ದು ಆ ಮಗುವಿಗೆ.

ಶಿಷ್ಯೆ: ಹಾಗಾದರೆ ಕನಿಷ್ಠ ಇಷ್ಟಾದರೂ ಮಾಡಿ. ಹಾರದ ಎದುರು ಪುಟದಲ್ಲೇ ಏಳರ ಪದ್ಧತಿಯ ಲೆಕ್ಕ ಇರಲಿ. ಅದೇ ಹಾರ ಅಲ್ಲಿ 384473664 ಆಗೋದನ್ನು ಮಕ್ಕಳು ಗುಣಿಸಿ ನೋಡಲಿ. ಆಮೇಲೆ ಅಪವರ್ತನ, ಆಮೇಲೆ ಭಾಜಕಗಳ ಮೊತ್ತ.

ಮೇಷ್ಟ್ರು: ಆಯಿತು. ಕೊನೆಯಲ್ಲಿ 37ರ ವರ್ಗ ತೆಗೆದು 22021 ಇಡುತ್ತೀನಿ. ದೆಕಾರ್ತನ ಪತ್ರದ ವಿಷಯವೂ ಬರುತ್ತೆ.

ಶಿಷ್ಯೆ: 22021 ಅವಿಭಾಜ್ಯ ಅಲ್ಲ ಅಂತ ನೀವು ಹೇಳಬೇಡಿ. ಮಕ್ಕಳೇ ಮೂರರಿಂದ, ಏಳರಿಂದ, ಹನ್ನೊಂದರಿಂದ ಭಾಗಿಸುತ್ತಾ ಹೋಗಿ 19ರಲ್ಲಿ ಕಂಡುಕೊಳ್ಳಲಿ.

ಮೇಷ್ಟ್ರು: ಹೇಳೋದಿಲ್ಲ. ಆದರೆ 19ರ ತನಕ ಬಿಡದೆ ಭಾಗಿಸುವ ಹಟ ಅವರಿಗೆ ಮೊದಲ ಪುಟದ ಹಾರದಿಂದಲೇ ಬರುತ್ತೆ ಅನ್ನೋದು ನನ್ನ ನಂಬಿಕೆ.

ಶಿಷ್ಯೆ: 19 ಸಿಕ್ಕಿದ ಮಗುವಿಗೆ ಆಮೇಲೆ ಹಾರ ಬೇಕಾಗೋದಿಲ್ಲ ಅನ್ನೋದು ನನ್ನದು. ಪುಸ್ತಕ ಅಚ್ಚಾಗಲಿ ಮೇಷ್ಟ್ರೇ, ಓದಿದ ಮಕ್ಕಳನ್ನೇ ಕೇಳೋಣ.